‘ಮೃಗೀಯ’ ಅನ್ನುವ ಮೊದಲು



ಎಲ್ಲಿಯಾದರೂ ಒಂದು ಭೀಕರ ಕೊಲೆಯಾದರೆ ಮರುದಿನದ ಪೇಪರ್‌ನಲ್ಲಿ, ಟಿವಿಯಲ್ಲಿ ಎರಡು ಪದಗಳು ಸಾಮಾನ್ಯವಾಗಿ ಕಾಣಿಸ್ತವೆ. ಒಂದು ‘ಮೃಗೀಯ’, ಇನ್ನೊಂದು ‘ಅಮಾನುಷ’. ಎರಡೂ ಹೇಳುವುದು ಒಂದೇ ಮಾತು: ಇದು ಮನುಷ್ಯ ಮಾಡುವಂಥದ್ದಲ್ಲ, ಮೃಗ ಮಾಡುವಂಥದ್ದು. ಆದರೆ ಮಾಡಿದ್ದು ಮನುಷ್ಯನೇ ಅಲ್ವಾ? ಮೃಗಗಳು ನಿಜಕ್ಕೂ ಹೀಗೆ ಮಾಡ್ತವಾ? ನಮ್ಮ ಹಿಂಸೆ, ಅವುಗಳ ಹಿಂಸೆ ಎರಡೂ ಒಂದೇ ಬಗೆಯದ್ದಾ, ಅಥವಾ ಎಲ್ಲಾದರೂ ಒಂದು ಕಡೆ ದಾರಿ ಬೇರೆಯಾಗ್ತದಾ?

ಈ ಪ್ರಶ್ನೆಗೆ ಉತ್ತರ ಹುಡುಕಲು ಆಫ್ರಿಕಾಕ್ಕೇ ಹೋಗಬೇಕೆಂದಿಲ್ಲ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲೇ ಬೇಕಾದಷ್ಟು ಉದಾಹರಣೆಗಳು ಉಂಟು. ಒಂದು ಬದಿಯಲ್ಲಿ ಘಟ್ಟದ ಕಾಡು, ಇನ್ನೊಂದು ಬದಿಯಲ್ಲಿ ಅಡಿಕೆ ತೋಟ, ನಡುವೆ ನಾವು. ಹಾವು, ಮಂಗ, ಕೋಳಿ, ಆನೆ, ಮನುಷ್ಯ ಎಲ್ಲರ ಜಗಳವೂ ಇಲ್ಲಿ ನೋಡಲು ಸಿಗ್ತದೆ. ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ ಸರಿ ಮಾಡೋಣ

ಗಿಡುಗ ಅಂಗಳದ ಕೋಳಿಮರಿಯನ್ನು ಎತ್ತಿಕೊಂಡು ಹೋಗ್ತದೆ. ಚಿರತೆ ಹಟ್ಟಿಗೆ ನುಗ್ಗಿ ಕರುವನ್ನು ಹಿಡೀತದೆ. ನೋಡುವವರಿಗೆ ಇದು ಕ್ರೌರ್ಯ. ಆದರೆ ಗಿಡುಗಕ್ಕೆ ಕೋಳಿಮರಿಯ ಮೇಲೆ ಸಿಟ್ಟಿಲ್ಲ, ಹಸಿವು ಉಂಟು. ಇದಕ್ಕೆ ಸಮನಾದದ್ದು ನಮ್ಮಲ್ಲಿ ಯುದ್ಧವೂ ಅಲ್ಲ, ಕೊಲೆಯೂ ಅಲ್ಲ; ಮೀನು ಹಿಡಿಯುವುದು, ಕೋಳಿ ಅಂಗಡಿಯ ಮುಂದೆ ಕ್ಯೂ ನಿಲ್ಲುವುದು. ಬೇಟೆಯನ್ನೂ ಕೊಲೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಲೆಕ್ಕ ತಪ್ಪಾಗ್ತದೆ. ಹಾಗಾಗಿ ನಾವು ಕೇಳಬೇಕಾದದ್ದು ಇಷ್ಟು: ಒಂದು ಪ್ರಾಣಿ ತನ್ನದೇ ಜಾತಿಯ ಇನ್ನೊಂದರ ಜೊತೆ ಜಗಳಕ್ಕೆ ಬಿದ್ದಾಗ ಏನಾಗ್ತದೆ?

ಕೇರೆ ಹಾವಿನ ಕುಸ್ತಿ

ತೋಟದ ಬದಿಯಲ್ಲಿ ಎರಡು ಕೇರೆ ಹಾವುಗಳು ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿಕೊಂಡು, ತಲೆ ಎತ್ತಿ ಆಡುವುದನ್ನು ನಮ್ಮಲ್ಲಿ ಹಲವರು ನೋಡಿರಬಹುದು. ವಿಡಿಯೊ ಮಾಡಿ ‘ಹಾವುಗಳ ಸರಸ’ ಅಂತ ಸ್ಟೇಟಸ್ ಹಾಕುವವರೂ ಇದ್ದಾರೆ. ಅಸಲಿಗೆ ಇಂಥ ದೃಶ್ಯದಲ್ಲಿ ಸಾಮಾನ್ಯವಾಗಿ ಇರುವುದು ಎರಡು ಗಂಡು ಹಾವುಗಳು. ಅದು ಸರಸವಲ್ಲ, ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡ್ತದೆ. ಸೋತದ್ದು ಬಿಡಿಸಿಕೊಂಡು ಹೊರಟು ಹೋಗ್ತದೆ, ಗೆದ್ದದ್ದು ಅಲ್ಲೇ ಉಳೀತದೆ.

ಕೇರೆಗೆ ವಿಷವಿಲ್ಲ, ಅದು ದೊಡ್ಡ ಮಾತಲ್ಲ ಅನ್ನಬಹುದು. ಆದರೆ ಸುಳ್ಯ, ಸುಬ್ರಹ್ಮಣ್ಯದ ಕಾಡುಗಳ ಕಾಳಿಂಗ ಸರ್ಪವೂ ಗಂಡುಗಳ ಜಗಳದಲ್ಲಿ ಮಾಡುವುದು ಹೆಚ್ಚಾಗಿ ಇದನ್ನೇ. ಬಾಯಲ್ಲಿ ಅಷ್ಟು ವಿಷ ಇಟ್ಟುಕೊಂಡೂ ಕಚ್ಚದೆ, ಮೈಬಲದಲ್ಲಿ ಅಮುಕಿ ಸೋಲಿಸಲು ನೋಡ್ತದೆ. ಯಾಕೆ? ಕಚ್ಚಾಟಕ್ಕೆ ಇಳಿದರೆ ಗೆದ್ದವನಿಗೂ ಗಾಯ. ಗಾಯಗೊಂಡವನಿಗೆ ಕಾಡಿನಲ್ಲಿ ಆಸ್ಪತ್ರೆ ಇಲ್ಲ. ಯಾರು ಬಲಶಾಲಿ ಅಂತ ಗೊತ್ತಾದ ಮೇಲೂ ಜಗಳ ಮುಂದುವರಿಸುವುದು ಇಬ್ಬರಿಗೂ ನಷ್ಟ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಬೇಗ ಅರ್ಥವಾಗ್ತದೆ. ಇದೊಂದು ನೆಗೆಟಿವ್ ಫೀಡ್‌ಬ್ಯಾಕ್. ಸೋಲುವವನು ಒಂದು ಸಂಕೇತ ಕೊಡ್ತಾನೆ: ತಲೆ ತಗ್ಗಿಸುವುದು, ಹಿಂದೆ ಸರಿಯುವುದು, ಕ್ಯಾಂಪಸ್‌ನ ನಾಯಿಗಳ ಹಾಗೆ ಮಗುಚಿ ಬಿದ್ದು ಹೊಟ್ಟೆ ತೋರಿಸುವುದು. ಆ ಸಂಕೇತ ಎದುರಾಳಿಗೆ ಮುಟ್ಟಿದ ಕೂಡಲೇ ಜಗಳದ ತೀವ್ರತೆ ಇಳೀತದೆ. ಬ್ರೇಕ್ ಒಳಗೇ ಉಂಟು.

ಹಾಗಂತ ಪ್ರಾಣಿಗಳು ಸಾಧುಗಳಲ್ಲ

ಇಲ್ಲಿಗೇ ನಿಲ್ಲಿಸಿ ‘ನೋಡಿ, ಪ್ರಾಣಿಗಳೇ ನಮಗಿಂತ ವಾಸಿ, ತಮ್ಮವರನ್ನು ಕೊಲ್ಲುವುದು ಮನುಷ್ಯ ಮಾತ್ರ’ ಅಂತ ಹೇಳುವವರು ತುಂಬ ಮಂದಿ. ಭಾಷಣಕ್ಕೆ ಚಂದ, ಆದರೆ ಸತ್ಯವಲ್ಲ. ಪ್ರಾಣಿವರ್ತನೆಯ ಅಧ್ಯಯನಕ್ಕೆ 1973ರಲ್ಲಿ ನೊಬೆಲ್ ಹಂಚಿಕೊಂಡ ಕೊನ್ರಾಡ್ ಲೊರೆಂಜ್ 1963ರಲ್ಲಿ ಆಕ್ರಮಣಶೀಲತೆಯ ಬಗ್ಗೆ ಬರೆದ ಪುಸ್ತಕ, ಪ್ರಾಣಿಗಳಲ್ಲಿ ಕೊಲ್ಲದಂತೆ ತಡೆಯುವ ಸಹಜ ಅಂಕುಶ ಇದೆ ಎಂಬ ವಿಚಾರಕ್ಕೆ ದೊಡ್ಡ ಪ್ರಚಾರ ಕೊಟ್ಟಿತು. ಆ ಚಿತ್ರವನ್ನು ಕದಡಿದ ಪುರಾವೆಗಳಲ್ಲಿ ಒಂದು ಬಂದದ್ದು ಎಲ್ಲಿಂದ ಗೊತ್ತಾ? ನಮ್ಮ ಧಾರವಾಡದಿಂದ.

1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಮುತ್ತ ಮುಸುವಗಳ ಗುಂಪುಗಳನ್ನು ಅಧ್ಯಯನ ಮಾಡಿದರು. ಮುಸುವ ಅಂದರೆ ಕಪ್ಪು ಮುಖದ ಉದ್ದ ಬಾಲದ ಮಂಗ, ನಮ್ಮ ಕಡೆ ತುಳುವಿನಲ್ಲಿ ಮುಜು. ಹಲವು ಹೆಣ್ಣುಗಳಿರುವ ಗುಂಪಿಗೆ ಒಂದೇ ಗಂಡು ಯಜಮಾನ. ಹೊರಗಿನ ಗಂಡುಗಳು ಬಂದು ಅವನನ್ನು ಓಡಿಸಿದ ಮೇಲೆ ಹೊಸ ಯಜಮಾನ ಗುಂಪಿನ ಎಳೆಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದದ್ದನ್ನು ಅವರು ದಾಖಲಿಸಿದರು. ಮೊದಲು ಹಲವರು ಇದನ್ನು ಅಸಹಜ ವರ್ತನೆ ಎಂದುಕೊಂಡರು. 1970ರ ದಶಕದಲ್ಲಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದ ಸಾರಾ ಹರ್ಡಿ ಬೇರೆ ವಿವರಣೆ ಕೊಟ್ಟರು: ಹಾಲು ಕುಡಿಯುವ ಮರಿ ಸತ್ತರೆ ತಾಯಿ ಬೇಗ ಮತ್ತೆ ಗರ್ಭಕ್ಕೆ ಸಿದ್ಧವಾಗ್ತಾಳೆ, ಹೊಸ ಗಂಡಿಗೆ ತನ್ನದೇ ಮರಿಗಳು ಬೇಗ ಹುಟ್ತವೆ. ಅಂದರೆ ಇದು ಹುಚ್ಚಲ್ಲ, ಸಂತಾನದ ತಣ್ಣನೆಯ ಲೆಕ್ಕ. ಸಿಂಹಗಳಲ್ಲೂ ಇದೇ ಕಂಡುಬಂತು.

ಗುಂಪು ಕಟ್ಟಿ ಹೊಡೆದಾಡುವುದೂ ನಮ್ಮ ಆವಿಷ್ಕಾರವಲ್ಲ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳನ್ನೇ ನೋಡಿ. ಪಕ್ಕದ ಮರದ ಬೇರೆ ಸಂಸಾರದ ಇರುವೆ ಗಡಿ ದಾಟಿದರೆ ಕಾಲು ಎಳೆದು, ಮೈ ಹರಿದು ಕೊಲ್ತವೆ. ತಮ್ಮವರಾ ಪರರಾ ಅಂತ ಗುರುತಿಸುವುದು ಮೈಯ ವಾಸನೆಯಿಂದ.

ನಮ್ಮ ಹತ್ತಿರದ ಸಂಬಂಧಿ ಚಿಂಪಾಂಜಿಯ ಕಥೆ ಇನ್ನೂ ಗಂಭೀರ. ತಾಂಜಾನಿಯಾದ ಗೊಂಬೆಯಲ್ಲಿ ಜೇನ್ ಗುಡಾಲ್ ಮತ್ತು ಸಂಗಡಿಗರು ಗಮನಿಸುತ್ತಿದ್ದ ಚಿಂಪಾಂಜಿ ಸಮುದಾಯ ಎರಡಾಗಿ ಒಡೆಯಿತು. 1974ರಿಂದ 1978ರ ನಡುವೆ ದೊಡ್ಡ ಗುಂಪಿನ ಗಂಡುಗಳು ಸಣ್ಣ ಗುಂಪಿನವರ ಮೇಲೆ, ಒಂಟಿಯಾಗಿ ಸಿಕ್ಕಾಗಲೆಲ್ಲ, ಒಟ್ಟಾಗಿ ಬಿದ್ದವು. ಕೊನೆಗೆ ಸಣ್ಣ ಗುಂಪೇ ಇಲ್ಲವಾಯಿತು. ಆಹಾರ ಕೊಟ್ಟು ಮನುಷ್ಯರೇ ಅವುಗಳನ್ನು ಕೆಡಿಸಿದರು ಎಂಬ ಆಕ್ಷೇಪ ಬಹಳ ಕಾಲ ಇತ್ತು. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ 18 ಚಿಂಪಾಂಜಿ ಸಮುದಾಯಗಳ ಮಾಹಿತಿ ಒಟ್ಟುಗೂಡಿಸಿ ನೋಡಿದರು. ಕಣ್ಣಾರೆ ಕಂಡದ್ದು, ಕುರುಹುಗಳಿಂದ ತಿಳಿದದ್ದು, ಸಂಶಯದ್ದು ಎಲ್ಲ ಸೇರಿ 152 ಕೊಲೆಗಳು. ಮನುಷ್ಯರ ಹಸ್ತಕ್ಷೇಪ ಎಷ್ಟಿತ್ತು ಎಂಬುದಕ್ಕೂ ಈ ಸಂಖ್ಯೆಗೂ ಸಂಬಂಧ ಕಾಣಲಿಲ್ಲ.

ಅದೇ ಪತ್ರಿಕೆಯಲ್ಲಿ 2016ರಲ್ಲಿ ಸ್ಪೇನಿನ ಹೊಸೆ ಮರಿಯಾ ಗೊಮೆಜ್ ಮತ್ತು ಸಂಗಡಿಗರು 1,024 ಸಸ್ತನಿ ಪ್ರಭೇದಗಳ ಸಾವಿನ ಲೆಕ್ಕ ಹಾಕಿದರು. ಸಸ್ತನಿಗಳಲ್ಲಿ ಸರಾಸರಿ ಸಾವಿರ ಸಾವಿಗೆ ಸುಮಾರು ಮೂರು ಸ್ವಜಾತಿಯವರ ಕೈಯಿಂದ. ನಮ್ಮ ಜಾತಿ ಹುಟ್ಟಿದ ಕಾಲಕ್ಕೆ, ವಂಶವೃಕ್ಷದಲ್ಲಿ ನಮ್ಮ ಸ್ಥಾನದ ಮೇಲೆ ಅಂದಾಜು ಮಾಡಿದರೆ, ನೂರಕ್ಕೆ ಸುಮಾರು ಎರಡು. ನಮ್ಮ ಹತ್ತಿರದ ಸಂಬಂಧಿಗಳ ಮಟ್ಟವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹಿಂಸೆಯ ಒಂದು ಪಾಲು ನಮಗೆ ಪಿತ್ರಾರ್ಜಿತವಾಗಿಯೇ ಬಂದಿದೆ. ಬರೀ ಪ್ರಮಾಣ ನೋಡಿದರೆ ನಾವು ವಾನರ ಕುಟುಂಬದಲ್ಲಿ ತೀರಾ ಹೊರಗಿನವರೇನಲ್ಲ.

ಹಾಗಾದರೆ ವ್ಯತ್ಯಾಸ ಇಲ್ಲವೇ ಇಲ್ವಾ? ಉಂಟು. ಅದನ್ನು ನೋಡಲು ಆಫ್ರಿಕಾದಿಂದ ಮತ್ತೆ ನಮ್ಮ ಊರಿಗೆ ಬರಬೇಕು.

ಕೋಳಿಯ ಕಾಲಿಗೆ ಕಟ್ಟಿದ ಕತ್ತಿ

ಅಂಗಳದಲ್ಲಿ ಎರಡು ಹುಂಜಗಳು ಜಗಳಕ್ಕೆ ಬಿದ್ದರೆ ಏನಾಗ್ತದೆ ಅಂತ ಮನೆಯಲ್ಲಿ ಕೋಳಿ ಸಾಕಿದವರಿಗೆ ಗೊತ್ತು. ಕುತ್ತಿಗೆಯ ಗರಿ ನಿಮಿರ್ತದೆ, ಹಾರಿ ಒದೀತವೆ, ಕುಕ್ಕುತ್ತವೆ. ಸ್ವಲ್ಪ ಹೊತ್ತಿನಲ್ಲಿ ಒಂದು ತಲೆ ತಗ್ಗಿಸಿ ಓಡ್ತದೆ. ಗೆದ್ದದ್ದು ನಾಲ್ಕು ಹೆಜ್ಜೆ ಅಟ್ಟಿಸಿ, ನಿಂತು ಕೂಗಿ, ಮತ್ತೆ ಕೆದಕಲು ಹೋಗ್ತದೆ. ಕೋಳಿಗಳಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬ ಶ್ರೇಣಿ ಹೀಗೆ ತೀರ್ಮಾನವಾಗ್ತದೆ, ಒಮ್ಮೆ ತೀರ್ಮಾನವಾದರೆ ಜಗಳ ಕಡಿಮೆಯಾಗ್ತದೆ ಅಂತ ನಾರ್ವೆಯ ಶೆಲ್ಡೆರುಪ್-ಎಬ್ಬೆ ಎಂಬವರು 1920ರ ದಶಕದಲ್ಲೇ ಬರೆದರು.

ಈಗ ಅದೇ ಎರಡು ಹುಂಜಗಳನ್ನು ಕೋಳಿ ಅಂಕದ ಕಳಕ್ಕೆ ತನ್ನಿ. ಕಾಲಿಗೆ ಹರಿತವಾದ ಸಣ್ಣ ಕತ್ತಿ ಕಟ್ಟಿದ್ದಾರೆ, ತುಳುವಿನಲ್ಲಿ ‘ಬಾಳ್’ ಅನ್ನುವುದು. ಸುತ್ತ ಜನ, ನಡುವೆ ಜುಗಾರಿ ದುಡ್ಡು. ಹುಂಜಗಳು ಮಾಡುವುದು ಅಂಗಳದಲ್ಲಿ ಮಾಡಿದ್ದನ್ನೇ, ಹಾರಿ ಒದೆಯುವುದು. ಆದರೆ ಈಗ ಒಂದು ಒದೆತಕ್ಕೆ ಕರುಳು ಹೊರಗೆ ಬರ್ತದೆ. ‘ಸಾಕು, ನಾನು ಸೋತೆ’ ಅಂತ ತಲೆ ತಗ್ಗಿಸಲು ಸೋತ ಕೋಳಿಗೆ ಸಮಯವೇ ಇಲ್ಲ. ಪ್ರಾಣಿಗಳನ್ನು ಹೀಗೆ ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಅಂಕಗಳ ಮೇಲೆ ಪೊಲೀಸ್ ದಾಳಿಯ ಸುದ್ದಿ ನಮ್ಮ ಕಡೆ ಇನ್ನೂ ನಿಂತಿಲ್ಲ.

ಅಂಕ ಸರಿಯಾ ತಪ್ಪಾ ಎಂಬ ಚರ್ಚೆ ಈಗ ಬೇಡ. ಇಲ್ಲಿ ಗಮನಿಸಬೇಕಾದದ್ದು ಒಂದೇ. ಕೋಳಿಯ ಸಿಟ್ಟು ಕೋಳಿಯದ್ದೇ. ಕತ್ತಿ ಮಾತ್ರ ಮನುಷ್ಯನದ್ದು. ಅದು ಸಿಟ್ಟನ್ನು ಹೆಚ್ಚಿಸಲಿಲ್ಲ, ಬ್ರೇಕನ್ನು ತೆಗೆದು ಹಾಕಿತು. ಇದೇ ಕೆಲಸವನ್ನು ನಾವು ನಮಗೂ ಮಾಡಿಕೊಂಡಿದ್ದೇವೆ. ಬರಿಗೈಯಲ್ಲಿ ಹೊಡೆದಾಡುವವನಿಗೆ ಎದುರಿನವನ ಮುಖ ಕಾಣ್ತದೆ, ಕೂಗು ಕೇಳ್ತದೆ. ತಲವಾರು ಬಂದಾಗ ಸಮಯ ಕಡಿಮೆಯಾಯಿತು, ಕೋವಿ ಬಂದಾಗ ದೂರ ಹೆಚ್ಚಿತು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬ್ ಹಾಕಿದವರಿಗೆ ಕೆಳಗಿದ್ದ ಒಬ್ಬರ ಮುಖವೂ ಕಾಣುತ್ತಿರಲಿಲ್ಲ. ಸಂಕೇತ ಕೊಡುವವನಿದ್ದಾನೆ, ಅದು ಮುಟ್ಟಬೇಕಾದವನಿಗೆ ಮುಟ್ಟುವುದಿಲ್ಲ. ಲೂಪ್ ಓಪನ್ ಆಗಿದೆ.

ಆಯುಧ ಮಾಡುವವರಲ್ಲಿ, ವಿನ್ಯಾಸ ಮಾಡುವವರಲ್ಲಿ ಇಂಜಿನಿಯರುಗಳೂ ಇರ್ತಾರೆ. ಹಾಗಾಗಿ ಈ ಭಾಗ ನಮ್ಮ ಮಟ್ಟಿಗೆ ಬರೀ ಜೀವಶಾಸ್ತ್ರ ಅಲ್ಲ.

‘ಅದೇ ಆನೆಯಾ?’

2023ರ ಫೆಬ್ರವರಿ 20ರ ಬೆಳಗ್ಗೆ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ದಾಳಿಗೆ ಇಬ್ಬರು ಬಲಿಯಾದರು. ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಯುವತಿ ಒಬ್ಬರು, ಕೂಗು ಕೇಳಿ ಬಿಡಿಸಲು ಓಡಿ ಬಂದವರು ಇನ್ನೊಬ್ಬರು. ಊರು ಸಿಟ್ಟಿಗೆದ್ದಿತು. ಸಾಕಾನೆಗಳನ್ನು ತರಿಸಿ ಕೆಲವೇ ದಿನಗಳಲ್ಲಿ ಒಂದು ಕಾಡಾನೆಯನ್ನು ಸೆರೆ ಹಿಡಿದು ಸಾಗಿಸಿದರು.

ಇಂಥ ಪ್ರತಿ ಘಟನೆಯಲ್ಲೂ ಜನರ ಬಾಯಲ್ಲಿ ಬರುವ ಪ್ರಶ್ನೆ: ‘ಹಿಡಿದದ್ದು ಅದೇ ಆನೆಯಾ?’ ಬಹಳ ಒಳ್ಳೆಯ ಪ್ರಶ್ನೆ ಅದು. ಕಾನೂನು ಕೇಳುವುದೂ ಅದನ್ನೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಆನೆಯಂಥ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದೆ ಅಂತ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಬೇಕು, ಕಾರಣ ಬರೆದು ಆದೇಶ ಕೊಡಬೇಕು. ಸೆರೆ ಹಿಡಿಯಲು, ಬೇರೆಡೆಗೆ ಸಾಗಿಸಲು ಸಾಧ್ಯವಿದ್ದರೆ ಕೊಲ್ಲುವ ಹಾಗಿಲ್ಲ. ಒಂದು ಆನೆ ಇಬ್ಬರನ್ನು ಕೊಂದಿತು ಅಂತ ಭಾಗಮಂಡಲದ ಕಾಡಿನಲ್ಲಿ ತನ್ನ ಪಾಡಿಗೆ ಬಿದಿರು ತಿನ್ನುವ ಇನ್ನೊಂದು ಆನೆಯನ್ನು ಕೊಂದು ‘ಲೆಕ್ಕ ಸರಿಯಾಯಿತು’ ಅಂದರೆ ನಾವು ಒಪ್ಪುವುದಿಲ್ಲ. ‘ಅದೆಂತ ಮಾರಾಯ್ರೆ, ಆ ಆನೆ ಎಂತ ಮಾಡಿದೆ?’ ಅಂತ ಕೇಳ್ತೇವೆ.

ಹತ್ತು ದಿನ, ಮೂವರು

ಇದೇ ಪ್ರಶ್ನೆಯನ್ನು ಮನುಷ್ಯರ ಬಗ್ಗೆ ಕೇಳಲು ನಾವು ಮರೆತ ದಿನಗಳು ಹೆಚ್ಚು ಹಿಂದಿನವಲ್ಲ. 2022ರ ಜುಲೈ 19ರಂದು ಸುಳ್ಯ ತಾಲೂಕಿನ ಕಳಂಜದಲ್ಲಿ ಒಬ್ಬ ಯುವಕನ ಮೇಲೆ ಹಲ್ಲೆಯಾಯಿತು, ಎರಡು ದಿನದಲ್ಲಿ ಆತ ತೀರಿಕೊಂಡ. ಜುಲೈ 26ರ ರಾತ್ರಿ ಪಕ್ಕದ ಬೆಳ್ಳಾರೆಯಲ್ಲಿ, ಅಂಗಡಿ ಮುಚ್ಚಿ ಹೊರಟ ಇನ್ನೊಬ್ಬ ಯುವಕನ ಕೊಲೆ. ಜುಲೈ 28ರ ರಾತ್ರಿ ಮಂಗಳೂರಿನ ಆಚೆ ಸುರತ್ಕಲ್‌ನಲ್ಲಿ ಮೂರನೆಯ ಯುವಕನ ಕೊಲೆ. ಹತ್ತು ದಿನಗಳಲ್ಲಿ ಮೂರು ಮನೆಗಳು ಬರಿದಾದವು. ಜಿಲ್ಲೆಯಲ್ಲಿ ನಿಷೇಧಾಜ್ಞೆ, ಸಂಜೆಯಾಗುತ್ತಲೇ ಅಂಗಡಿಗಳಿಗೆ ಬೀಗ.

ಯಾರು ಅಪರಾಧಿ ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಮೂವರಲ್ಲಿ ಯಾರು ಯಾವ ಸಮುದಾಯ ಎಂಬುದನ್ನೂ ನಾವು ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿದ ಕೂಡಲೇ ಮನಸ್ಸು ಲೆಕ್ಕ ಹಾಕಲು ಶುರು ಮಾಡ್ತದೆ. ನಾವು ನೋಡಬೇಕಾದದ್ದು ಆ ಲೆಕ್ಕವನ್ನೇ. ‘ಅವರದ್ದು ಒಂದು, ನಮ್ಮದು ಒಂದು’ ಎಂಬ ಮಾತು ಇದೆಯಲ್ಲ, ಅದರಲ್ಲಿ ಸತ್ತವನು ಏನು ಮಾಡಿದ್ದ ಎಂಬ ಪ್ರಶ್ನೆಗೆ ಜಾಗವೇ ಇಲ್ಲ. ಹೆಸರು ಒಂದು ಸಾಕು. ಆನೆಗೆ ಕೊಡುವ ನ್ಯಾಯ ನೆರೆಮನೆಯವನಿಗೆ ಸಿಗುವುದಿಲ್ಲ.

ಮನುಷ್ಯನ ಹಿಂಸೆ ದಾರಿ ಬದಲಿಸುವುದು ಇಲ್ಲಿ ಅಂತ ನಮಗೆ ತೋರ್ತದೆ. ಇರುವೆ ಶತ್ರುವನ್ನು ಗುರುತಿಸುವುದು ವಾಸನೆಯಿಂದ, ಚಿಂಪಾಂಜಿ ಕಣ್ಣಿನಿಂದ. ಶತ್ರು ಅಲ್ಲೇ, ಎದುರಿಗೇ ಇರಬೇಕು. ನಾವು ಶತ್ರುವನ್ನು ಗುರುತಿಸುವುದು ಒಂದು ಕಥೆಯಿಂದ. ಕಥೆಗೆ ದೂರವಿಲ್ಲ, ಕಾಲವಿಲ್ಲ. ಬೆಳ್ಳಾರೆಯ ಸುದ್ದಿ ಸುರತ್ಕಲ್‌ಗೆ ಹೋಗಲು ಒಂದು ಸೆಕೆಂಡ್ ಸಾಕು. ನೂರಾರು ವರ್ಷ ಹಿಂದೆ ಸತ್ತವರ ಹೆಸರಲ್ಲಿ ಇವತ್ತು ಹುಟ್ಟಿದ ಮಗುವನ್ನೂ ಶತ್ರುಗಳ ಪಟ್ಟಿಗೆ ಸೇರಿಸಲು ಕಥೆಯಿಂದ ಮಾತ್ರ ಸಾಧ್ಯ.

‘ಗೊಂಬೆಯ ಚಿಂಪಾಂಜಿಗಳೂ ಹಿಂದೆ ಒಂದೇ ಗುಂಪಾಗಿದ್ದವಲ್ಲ, ಅವೂ ಗೆಳೆಯರನ್ನೇ ಕೊಂದವಲ್ಲ?’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಅವು ಮೊದಲು ಬೇರೆ ಬೇರೆ ಜಾಗ ಹಿಡಿದು, ಒಟ್ಟಿಗೆ ತಿರುಗುವುದನ್ನು ಬಿಟ್ಟು, ಪರರಾದವು, ಆಮೇಲೆ ಕೊಂದವು. ನಮಗೆ ಅಷ್ಟು ಸಮಯವೂ ಬೇಡ. ಒಂದೇ ಸಂತೆಯಲ್ಲಿ ಮೀನು ಕೊಳ್ಳುತ್ತಾ, ಒಂದೇ ಬಸ್ಸಿನಲ್ಲಿ ಹೋಗುತ್ತಾ, ಒಂದೇ ಅಡಿಕೆ ಅಂಗಡಿಗೆ ಅಡಿಕೆ ಹಾಕುತ್ತಾ ಇರುವವನನ್ನು ಒಂದು ರಾತ್ರಿಯೊಳಗೆ ಪರಕೀಯ ಮಾಡಲು ನಮಗೆ ಬರ್ತದೆ.

ಇಲ್ಲಿ ಫೀಡ್‌ಬ್ಯಾಕ್‌ನ ಚಿಹ್ನೆಯೂ ತಿರುಗಿ ಬೀಳ್ತದೆ. ಕೇರೆ ಹಾವಿನ ಕುಸ್ತಿಯಲ್ಲಿ ಒಂದು ಸೋಲು ಜಗಳವನ್ನು ಮುಗಿಸ್ತದೆ. ಕಥೆಯ ಜಗಳದಲ್ಲಿ ಒಂದು ಸಾವು ಮುಂದಿನ ಸಾವಿಗೆ ಇನ್‌ಪುಟ್ ಆಗ್ತದೆ. ಪಾಸಿಟಿವ್ ಫೀಡ್‌ಬ್ಯಾಕ್ ಇರುವ ಸಿಸ್ಟಮ್ ತಾನಾಗಿ ನಿಲ್ಲುವುದಿಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಣ್ಣನೆಯ ಹಿಂಸೆ

ಹಾರ್ವರ್ಡ್‌ನ ರಿಚರ್ಡ್ ರಾಂಗಮ್ ಹಿಂಸೆಯನ್ನು ಎರಡಾಗಿ ವಿಂಗಡಿಸ್ತಾರೆ. ಒಂದು ಸಿಟ್ಟು ನೆತ್ತಿಗೇರಿ ಆ ಕ್ಷಣಕ್ಕೆ ಹೊಡೆಯುವುದು, ಇನ್ನೊಂದು ತಣ್ಣಗೆ ಕೂತು ಯೋಜನೆ ಹಾಕಿ ಹೊಡೆಯುವುದು. ಮೊದಲನೆಯದರಲ್ಲಿ ನಾವು ಚಿಂಪಾಂಜಿಗಳಿಗಿಂತ ಎಷ್ಟೋ ಸಾಧು. ಬೆಳಗ್ಗೆ ಸುಳ್ಯದಿಂದ ಪುತ್ತೂರಿಗೆ ಬರುವ ಬಸ್ಸನ್ನು ನೆನಪು ಮಾಡಿಕೊಳ್ಳಿ. ಕಾಲಿಡಲು ಜಾಗವಿಲ್ಲ, ಬ್ಯಾಗ್ ಒಬ್ಬರ ಮುಖಕ್ಕೆ, ಮೊಣಕೈ ಇನ್ನೊಬ್ಬರ ಪಕ್ಕೆಗೆ. ಅಪರಿಚಿತರೇ ತುಂಬಿದ್ದರೂ ಯಾರೂ ಯಾರನ್ನೂ ಕಚ್ಚದೆ ಇಳೀತೇವೆ. ಪರಸ್ಪರ ಪರಿಚಯವಿಲ್ಲದ ಅಷ್ಟು ಚಿಂಪಾಂಜಿಗಳನ್ನು ಆ ಬಸ್ಸಿಗೆ ತುಂಬಿದರೆ ಅದು ದಾಟುವುದು ಕಷ್ಟ.

ಎರಡನೆಯದರಲ್ಲಿ ಮಾತ್ರ ನಮ್ಮಷ್ಟು ನಿಪುಣರು ಇಲ್ಲ. ದಿನ ಗೊತ್ತು ಮಾಡಿ, ದಾರಿ ನೋಡಿ, ಬೈಕ್ ಹೊಂದಿಸಿ ಮಾಡುವ ಕೊಲೆಗೆ ಬೇಕಾದದ್ದು ಸಿಟ್ಟಲ್ಲ. ಭಾಷೆ, ಸಹಕಾರ, ಶಿಸ್ತು, ನಂಬಿಕೆ. ಸೇತುವೆ ಕಟ್ಟಲು ಬೇಕಾದ ಅದೇ ಗುಣಗಳು. ಆದ್ದರಿಂದಲೇ ‘ಮೃಗೀಯ’ ಎಂಬ ಪದ ನಮ್ಮನ್ನು ದಾರಿ ತಪ್ಪಿಸ್ತದೆ. ಒಳಗಿನ ಮೃಗ ಒಮ್ಮೆ ಹೊರಗೆ ಬಂತು, ಏನು ಮಾಡುವುದು ಅಂತ ಕೈ ತೊಳೆದುಕೊಳ್ಳಲು ಅದು ಅವಕಾಶ ಕೊಡ್ತದೆ. ಯೋಜಿಸಿದ ಕೊಲೆಯಲ್ಲಿ ಹೊರಗೆ ಬಂದದ್ದು ಮೃಗವಲ್ಲ, ಪೂರ್ತಿ ಮನುಷ್ಯನೇ.

ಬ್ರೇಕ್ ಯಾರ ಕೈಯಲ್ಲಿ?

‘ಮನುಷ್ಯ ಸ್ವಭಾವವೇ ಹಾಗೆ, ಬದಲಾಗದು’ ಎಂಬ ಮಾತಿಗೂ ಆಧಾರ ಇಲ್ಲ. 1986ರಲ್ಲಿ ಸ್ಪೇನಿನ ಸೆವಿಯಾದಲ್ಲಿ ಸೇರಿದ ವಿಜ್ಞಾನಿಗಳು ಯುದ್ಧ ನಮ್ಮ ಜೀನ್‌ಗಳಲ್ಲೇ ಬರೆದಿದೆ ಅನ್ನುವುದು ವೈಜ್ಞಾನಿಕವಾಗಿ ತಪ್ಪು ಅಂತ ಹೇಳಿಕೆ ಕೊಟ್ಟರು. 1989ರಲ್ಲಿ ಯುನೆಸ್ಕೊ ಅದನ್ನು ಅಂಗೀಕರಿಸಿತು. ಗೊಮೆಜ್ ತಂಡದ ಲೆಕ್ಕದಲ್ಲೂ ಮನುಷ್ಯರ ಹಿಂಸೆಯ ಪ್ರಮಾಣ ಕಾಲದಿಂದ ಕಾಲಕ್ಕೆ, ಸಮಾಜದಿಂದ ಸಮಾಜಕ್ಕೆ ಬಹಳ ಏರಿಳಿದಿದೆ. ಬದಲಾದದ್ದು ಜೀನ್ ಅಲ್ಲ, ವ್ಯವಸ್ಥೆ.

ಹಾವಿಗೆ ಬ್ರೇಕ್ ಹುಟ್ಟಿನಿಂದ ಬಂದದ್ದು. ನಮ್ಮ ಸಹಜ ಬ್ರೇಕನ್ನು ಆಯುಧವೂ ಕಥೆಯೂ ಸೇರಿ ಸಡಿಲ ಮಾಡಿರುವುದರಿಂದ, ನಾವು ಬೇರೆ ಬ್ರೇಕ್ ಕಟ್ಟಿಕೊಳ್ಳಬೇಕಾಯಿತು. ಕಾನೂನು, ನ್ಯಾಯಾಲಯ, ಮಾಡಿದವನಿಗೆ ಮಾತ್ರ ಶಿಕ್ಷೆ ಎಂಬ ನಿಯಮ ಎಲ್ಲವೂ ಅಂಥವೇ. ಅವು ನಿಧಾನ. ತೀರ್ಪು ಬರಲು ವರ್ಷಗಳು ಬೇಕು, ಮೆಸೇಜ್ ಹೋಗಲು ಸೆಕೆಂಡ್. ಈ ಎರಡರ ನಡುವಿನ ಹೊತ್ತಿನಲ್ಲಿ ಬ್ರೇಕ್ ಇರುವುದು ಫೋನ್ ಹಿಡಿದವನ ಕೈಯಲ್ಲಿ.

ಇಂಥ ಪ್ರಕರಣಗಳಲ್ಲಿ ಪ್ರಾಣ ಕಳೆದುಕೊಂಡವರೂ, ಆರೋಪಿಗಳಾಗಿ ಜೈಲು ಸೇರಿದವರೂ ಹೆಚ್ಚಾಗಿ ಯುವಕರೇ. ಹಾಗಾಗಿ ಆ ಮೆಸೇಜ್ ಬರುವ ಗ್ರೂಪ್‌ಗಳಲ್ಲಿ ನಾವೂ ಇರ್ತೇವೆ. ‘ಅವರಿಗೆ ಬುದ್ಧಿ ಕಲಿಸಬೇಕು’ ಅಂತ ಯಾರಾದರೂ ಬರೆದರೆ ದೊಡ್ಡ ಭಾಷಣ ಬೇಡ, ವಾದವೂ ಬೇಡ. ರೆಂಜಿಲಾಡಿಯ ಆನೆಯ ಬಗ್ಗೆ ಕೇಳುವ ಪ್ರಶ್ನೆಯನ್ನೇ ಅಲ್ಲಿ ಕೇಳೋಣ: ‘ಅವರು ಅಂದರೆ ಯಾರು? ಅವನೇನಾ? ಅವನು ಎಂತ ಮಾಡಿದ?’

ಉತ್ತರ ಬರಲಿಕ್ಕಿಲ್ಲ. ಆದರೆ ಉತ್ತರ ಬರುವ ತನಕ ಫಾರ್ವರ್ಡ್ ಮಾಡದೆ ಇರುವುದು ನಮ್ಮಿಂದ ಆಗುವ ಕೆಲಸ.